ಹೊಲಿಯಲಾಗದ ಕುಬಸ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಆನಗೋಡಿನಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ, ಚೊಚ್ಚಲ ಬಸುರಿಗೆ ಮಾಡುವ ಮಂಗಳಕಾರ್ಯವು ಸೀಮಂತವಾಗಿರುವುದು ಅಚ್ಚುಹಾಕಿಸಿದ ಆಮಂತ್ರಣಪತ್ರಿಕೆಯಲ್ಲಿ ಮಾತ್ರ. ಜನರ ಬಾಯಲ್ಲಿ ಅದು ಇಂದಿಗೂ ಕುಬಸದ ಕಾರ್ಯವೇ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಇವೆಲ್ಲ ಇದ್ದರೂ, ಆ ಸಂಸ್ಕಾರಕ್ಕೆ ಹೆಸರಾಗಿ ನಿಂತಿರುವುದು ಸೀರೆಯೂ ಅಲ್ಲ, ಬಳೆಯೂ ಅಲ್ಲ. ಬೆನ್ನು, ಎದೆ, ತೋಳುಗಳನ್ನು ಮುಚ್ಚುವ ಆ ಒಂದು ಸಣ್ಣ ಉಡುಪು. ತವರಿನಿಂದ ಹೊರಟ ಮಗಳಿಗೆ, ಮನೆಗೆ ಬಂದ ಮುತ್ತೈದೆಗೆ, ಊರಮ್ಮನ ಗುಡಿಯ ದೇವಿಗೆ, ಗೌರಿಯ ಕಲಶಕ್ಕೆ ನಮ್ಮ ಸೀಮೆಯವರು ಸಲ್ಲಿಸುವ ಗೌರವವೆಲ್ಲ ಒಂದು ಕುಬಸದ ಕಣದಲ್ಲಿ ಅಡಕವಾಗಿರುವುದನ್ನು ನೋಡಿದರೆ, ಆ ಬಟ್ಟೆಯ ತುಂಡಿಗೆ ನಮ್ಮ ಹಿರಿಯರು ಎಂತಹ ಸ್ಥಾನವನ್ನು ಕೊಟ್ಟಿದ್ದರೆಂಬುದು ಮನದಟ್ಟಾಗುತ್ತದೆ. ಆ ಗೌರವವನ್ನು ನಾವು ಈಚೆಗೆ ನಡೆಸಿಕೊಂಡು ಬರುತ್ತಿರುವ ರೀತಿಯ ಬಗೆಗೆ ನನ್ನದೊಂದು ತಕರಾರುಂಟು. ಆದರೆ ಕುಬಸವು, ಎಂದರೆ ಕುಪ್ಪಸವು, ಏನಾಗಿತ್ತೆಂಬುದನ್ನು ಹೇಳದೆ ಅದು ಏನಾಗಿದೆಯೆಂದು ದೂರುವುದು ಸರಿಯಾಗಲಾರದು.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವು ಕಣಕ್ಕೆ, ಎಂದರೆ ಕುಪ್ಪಸದ ಬಟ್ಟೆಗೆ, ಹೆಸರಾದ ಊರು. ಹಾಸಿಗೆ ರೇಷ್ಮೆಯ ನೂಲು, ಹೊಕ್ಕಿಗೆ ಹತ್ತಿಯ ನೂಲು, ಎರಡು ಬದಿಗೂ ಅಂಚು, ನಡುವೆ ಒತ್ತೊತ್ತಾಗಿ ಬಿದ್ದ ಚಿಕ್ಕ ಚಿಕ್ಕ ಬುಟ್ಟಿಗಳು. ಆ ಬುಟ್ಟಿಗಳಿಗೆ ಸೂರ್ಯನಾರಾಯಣ, ಸಿದ್ಧೇಶ್ವರ ಮುಖ, ತೇರು, ಆನೆಹೆಜ್ಜೆ ಎಂಬಂತಹ ಹೆಸರುಗಳು. ಸೀರೆಯನ್ನು ನೇಯ್ದು ಉಳಿದುದರಲ್ಲಿ ಕುಪ್ಪಸ ಮಾಡಿಕೊಂಡದ್ದಲ್ಲ ಇದು; ಕುಪ್ಪಸಕ್ಕೆಂದೇ ಬೇರೆ ಮಗ್ಗ, ಬೇರೆ ಅಗಲ, ಬೇರೆ ಕಸುಬು ಹುಟ್ಟಿಕೊಂಡು, ಒಂದು ಊರಿಗೆ ಊರೇ ಅದರಿಂದ ಅನ್ನ ಉಂಡಿತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕಣ ಎಂಬುದು ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಬಿಡಿಸಲಾಗದ ಜೋಡಿಯಾಗಿದ್ದು, ತುಂಗಭದ್ರೆಯ ಈ ದಡದ ಹರಿಹರ, ದಾವಣಗೆರೆಗಳ ಬಟ್ಟೆಯಂಗಡಿಗಳಲ್ಲಿಯೂ ಮುಕ್ಕೋನವಾಗಿ ಮಡಿಸಿದ ಕಣಗಳ ಅಟ್ಟಿಗಳು ಒಂದು ಕಾಲದಲ್ಲಿ ತಪ್ಪದೆ ಕಾಣುತ್ತಿದ್ದವು.

ಹಳೆಯ ಕುಪ್ಪಸದ ಕತ್ತರಿಕೆಯನ್ನು ಬಲ್ಲ ಮುದುಕಿಯರು ಈಗ ವಿರಳ. ಅದರ ಜಾಣ್ಮೆಯಿದ್ದುದು ಬಟ್ಟೆಯನ್ನು ಪೋಲು ಮಾಡದಿರುವುದರಲ್ಲಿ. ಅಂಚು ಬಂದ ಕಡೆಯನ್ನು ತೋಳಿನ ತುದಿಗೂ ನಡುವಿನ ಸುತ್ತಿಗೂ ಬರುವಂತೆ ಲೆಕ್ಕಹಾಕಿ, ಬೆನ್ನಿಗೆ ಒಂದು ತುಂಡು, ತೋಳಿಗೆ ಎರಡು, ಎದೆಯ ಭಾಗಕ್ಕೆ ಓರೆಯಾಗಿ ಕತ್ತರಿಸಿದ ತುಂಡುಗಳು, ತೋಳೆತ್ತಿ ಕೊಡ ಹೊರುವಾಗ ಬಟ್ಟೆ ಪಿಸಿಯದಿರಲೆಂದು ಕಂಕುಳಿಗೆ ಒಂದೊಂದು ಚಿಕ್ಕ ಚೌಕದ ತೇಪೆ. ಇಷ್ಟನ್ನೂ ಕೈಸೂಜಿಯಿಂದ ಜೋಡಿಸಿ, ಮುಂದೆ ಗುಂಡಿಯಾಗಲಿ ಕೊಂಡಿಯಾಗಲಿ ಇಲ್ಲದೆ, ಎರಡು ತುದಿಗಳನ್ನು ಎಳೆದು ಗಂಟುಹಾಕಿಬಿಟ್ಟರೆ ಕುಪ್ಪಸ ಮುಗಿಯಿತು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಹಿಗ್ಗುವುದೆಂಬ ಗುಣವನ್ನು, ದರ್ಜಿಯ ಶಾಸ್ತ್ರ ಓದದ ಆ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ಕೂಸಿಗೆ ಹಾಲೂಡುವ ತಾಯಿಗೆ ಗಂಟು ಸಡಿಲಿಸುವುದು ಸುಲಭ. ಮೈ ತುಂಬಿದರೆ ಗಂಟು ಸ್ವಲ್ಪ ಮುಂದಕ್ಕೆ ಬರುತ್ತದೆ, ಮೈ ಇಳಿದರೆ ಹಿಂದಕ್ಕೆ ಹೋಗುತ್ತದೆ. ಅಳತೆಯ ಪಟ್ಟಿಯನ್ನು ಹಿಡಿಯದೆಯೇ ಹೆಣ್ಣಿನ ಬಾಳಿನ ಹಲವು ಅವಸ್ಥೆಗಳಿಗೆ ಒಂದೇ ಉಡುಪು ಒದಗಿಬರುತ್ತಿದ್ದುದು ಸಣ್ಣ ಮಾತೇನಲ್ಲ.

ಕುಪ್ಪಸವು ಪರದೇಶದಿಂದ ಬಂದುದೋ, ನಮ್ಮದೇಯೋ ಎಂಬ ವಾದವೊಂದು ಆಗಾಗ ತಲೆಯೆತ್ತುತ್ತದೆ. ಇಂಗ್ಲಿಷರು ಬರುವ ತನಕ ನಮ್ಮಲ್ಲಿ ಹೊಲಿದ ಉಡುಪೇ ಇರಲಿಲ್ಲವೆಂದು ಒಬ್ಬರು, ಇಂದಿನ ರವಿಕೆ ವೇದಕಾಲದ್ದೆಂದು ಮತ್ತೊಬ್ಬರು ಹೇಳುವುದುಂಟು. ಎರಡೂ ಮಾತುಗಳಲ್ಲಿ ಹುರುಳಿಲ್ಲ. ಅಮರಕೋಶದಲ್ಲಿ ಚೋಲ, ಕೂರ್ಪಾಸಕಗಳ ಹೆಸರುಂಟು. ಅಜಂತೆಯ ಭಿತ್ತಿಚಿತ್ರಗಳಲ್ಲಿ ತೋಳುಳ್ಳ ಹೊಲಿದ ಮೇಲುಡುಪನ್ನು ತೊಟ್ಟ ನರ್ತಕಿ ಕಾಣುತ್ತಾಳೆ. ವಿಜಯನಗರದ ಕಾಲದ ಲೇಪಾಕ್ಷಿಯ ಮಂಟಪದ ಚಾವಣಿಯ ಚಿತ್ರಗಳಲ್ಲಿ, ಬಣ್ಣಬಣ್ಣದ ಸೀರೆಗೆ ಬೇರೆ ಬಣ್ಣದ ಬಿಗಿಯಾದ ಕುಪ್ಪಸ ತೊಟ್ಟ ಸ್ತ್ರೀಯರ ಸಾಲೇ ಇದೆ. ಇನ್ನೊಂದು ಕಡೆ, ಬೇಲೂರಿನ ಮದನಿಕೆಯರಲ್ಲಿ ಆಭರಣಗಳ ಹೊರೆಯುಂಟೇ ಹೊರತು ಕುಪ್ಪಸವು ಹುಡುಕಿದರೂ ಸಿಗುವುದು ಕಷ್ಟ. ಶಿಲ್ಪಿಯು ತನ್ನ ಕಾಲದ ಬೀದಿಯಲ್ಲಿ ಕಂಡುದನ್ನೆಲ್ಲ ಕಡೆದಿಡಲು ಹೊರಟವನಲ್ಲ. ಆದುದರಿಂದ ಕಲ್ಲನ್ನು ನೋಡಿ ಉಡುಪಿನ ಇತಿಹಾಸವನ್ನು ತೀರ್ಮಾನಿಸುವವರು ತುಸು ತಡೆದು ಮಾತನಾಡುವುದು ಒಳ್ಳೆಯದು. ಹೊಲಿದ ಕುಪ್ಪಸ ತೊಟ್ಟವರೂ, ಸೆರಗನ್ನಷ್ಟೇ ಹೊದ್ದವರೂ ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ ಇದ್ದಿರಬೇಕೆಂದು ಊಹಿಸುವುದೇ ಯುಕ್ತ.

ಇಂಗ್ಲಿಷರ ಕಾಲದಲ್ಲಿ ಬಂದುದು ಕುಪ್ಪಸವಲ್ಲ, ಅದರ ಹೊಸ ಆಕಾರ. ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನೀ ದೇವಿಯವರು, ಗಂಡನ ಅಧಿಕಾರದ ನಿಮಿತ್ತ ಮುಂಬಯಿ ಪ್ರಾಂತಕ್ಕೆ ಬಂದಾಗ, ಪಾರಸಿ ಸ್ತ್ರೀಯರು ಸೀರೆಯುಡುವ ಕ್ರಮವನ್ನು ಕಂಡು, ಒಳಲಂಗ ಮತ್ತು ರವಿಕೆಗಳೊಡನೆ ಸೀರೆಯನ್ನುಡುವ ರೀತಿಯನ್ನು ವಂಗದೇಶದ ಕುಲೀನ ಮನೆಗಳಲ್ಲಿ ಬಳಕೆಗೆ ತಂದರೆಂಬುದು ಪ್ರಸಿದ್ಧವಾದ ಸಂಗತಿ. ಆ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಸಿಂಗರ್ ಕಂಪನಿಯ ಹೊಲಿಗೆಯ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಭಾರತಕ್ಕೆ ಬಂದವು. 1930ರ ದಶಕದಲ್ಲಿ ಕಲ್ಕತ್ತೆಯಿಂದ ‘ಉಷಾ’ ಹೊರಟಿತು. ಯಂತ್ರದ ಜೊತೆಗೆ ಗುಂಡಿ, ಕೊಂಡಿ, ಹೊಲಿಗೆಯ ಮಡಿಕೆ ಅಥವಾ ಟಕ್ಸು, ಕತ್ತಿನ ಪಟ್ಟಿ, ಉಬ್ಬುತೋಳು ಇವೆಲ್ಲ ಬಂದು, ಉತ್ತರದ ಜಿಲ್ಲೆಗಳಲ್ಲಿ ಪೋಲಕವೆಂದೂ, ಮೈಸೂರಿನ ಕಡೆ ಜಾಕೀಟು, ಜಂಪರುಗಳೆಂದೂ ಕರೆಯಿಸಿಕೊಂಡ ಹೊಸ ರವಿಕೆಯು ಗಂಟಿನ ಕುಪ್ಪಸವನ್ನು ಮೆಲ್ಲಮೆಲ್ಲನೆ ಅಜ್ಜಿಯರ ಮೈಮೇಲಷ್ಟೇ ಉಳಿಸಿತು. ಎರಡು ಸೀಮೆಗಳ ನಡುವೆ ಕುಳಿತ ದಾವಣಗೆರೆಯವರು ಯಾವ ಹೆಸರನ್ನೂ ಬಿಡಲಿಲ್ಲ: ಅಂಗಡಿಯಲ್ಲಿ ಕೇಳುವುದು ಬ್ಲೌಸ್ ಪೀಸು, ಹೊಲಿಸಲು ಕೊಡುವುದು ಜಂಪರು, ಉಡಿಯಲ್ಲಿ ಇಡುವುದು ಕುಬಸ.

ಇದೇ ದಾವಣಗೆರೆಯು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದುದನ್ನು ಇಲ್ಲಿ ನೆನೆಯಬೇಕು. ಸುತ್ತಲಿನ ಎರೆಭೂಮಿಯ ಹತ್ತಿಯು ಊರಿನ ಗಿರಣಿಗಳಲ್ಲಿ ನೂಲಾಗಿ ಬಟ್ಟೆಯಾಗಿ, ಗಿರಣಿಯ ಕೂಗಿಗೆ ಎದ್ದು ಮಲಗುವ ಬಡಾವಣೆಗಳು ಬೆಳೆದವು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂದಿತು. ಹರಿಹರದ ಎದುರಿಗೆ, ತುಂಗಭದ್ರೆಯಾಚೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ನಿಂತ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ನೀಲಗಿರಿಯ ಮರದ ತಿರುಳಿನಿಂದ ವಿಸ್ಕೋಸ್ ಎಳೆಗೆ ಬೇಕಾದ ಸಾಮಗ್ರಿಯನ್ನು ತೆಗೆಯತೊಡಗಿತು. ಹೀಗೆ ಬಟ್ಟೆಯ ಬೀಜವು ಹೊಲದಲ್ಲಿಯೋ ಕಾಡಿನಲ್ಲಿಯೋ ನಮ್ಮ ಸುತ್ತಲೇ ಇದ್ದು, ಬಟ್ಟೆಯು ಮಾತ್ರ ಎಲ್ಲಿಂದಲೋ ಬರುವಂತಾದುದು ನಮ್ಮ ಸೀಮೆಯ ವಿಚಿತ್ರ.

ಕುಪ್ಪಸದ ಚರಿತ್ರೆಯಲ್ಲಿ ಮರ್ಯಾದೆಯಂತೆ ಅವಮಾನವೂ ಇದೆ. ಕೆಂಪು ಸೀರೆಯುಟ್ಟು, ತಲೆ ಬೋಳಿಸಿಕೊಂಡು, ಕುಪ್ಪಸವನ್ನು ತೊಡುವ ಹಕ್ಕಿಲ್ಲದೆ ಮಡಿಯ ಮೂಲೆಯಲ್ಲಿ ಬಾಳು ತೆಗೆದ ಬಾಲವಿಧವೆಯರು ನಮ್ಮ ಬ್ರಾಹ್ಮಣರ ಮನೆಗಳಲ್ಲಿ ಮೊನ್ನೆ ಮೊನ್ನೆಯ ತನಕ ಇದ್ದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನೂ, ಅದನ್ನು ಆಧರಿಸಿ ಪ್ರೇಮಾ ಕಾರಂತರು ತೆಗೆದ ಚಿತ್ರವನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಕ್ಷಿಣ ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದು ಹೋರಾಡಿದ ಮೇಲೆಯೇ, 1859ರ ಜುಲೈಯಲ್ಲಿ ಅಲ್ಲಿನ ಮಹಾರಾಜನು ಅಪ್ಪಣೆ ಹೊರಡಿಸಿದುದು; ಆಗಲೂ ಮೇಲುಜಾತಿಯವರಂತೆ ಉಡಕೂಡದೆಂಬ ಕಟ್ಟನ್ನು ಬಿಟ್ಟಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ಕುಪ್ಪಸವಿಲ್ಲದಿರುವುದೇ ತಮ್ಮ ಅಂದವೆಂದು ಬಾಳಿದವರೂ ನಮ್ಮವರೇ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲ ಹೆಂಗಸರು ಕತ್ತಿನ ತುಂಬ ಕರಿಮಣಿಯ ಸರಗಳನ್ನು ಧರಿಸಿ, ಸೀರೆಯನ್ನು ಹೆಗಲಿಗೆ ಗಂಟುಹಾಕಿ ಉಡುವವರು. ಅವರಲ್ಲೊಬ್ಬರಾದ ಅಂಕೋಲೆಯ ತುಳಸಿ ಗೌಡ ಅವರು 2021ರಲ್ಲಿ ರಾಷ್ಟ್ರಪತಿಭವನಕ್ಕೆ ಅದೇ ಉಡುಪಿನಲ್ಲಿ, ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀಯನ್ನು ಸ್ವೀಕರಿಸಿದಾಗ, ದೇಶವೆಲ್ಲ ಎದ್ದುನಿಂತಿತು. ತೊಡಬಾರದೆಂದು ಒಬ್ಬಳಿಗೆ ಕಟ್ಟಪ್ಪಣೆ ಮಾಡುವುದೂ, ತೊಡಲೇಬೇಕೆಂದು ಇನ್ನೊಬ್ಬಳನ್ನು ನಾಚಿಸುವುದೂ ಒಂದೇ ತೂಕದ ಅಪರಾಧಗಳೆಂದು ನಾನು ತಿಳಿದಿದ್ದೇನೆ.

ನಮ್ಮ ಜಿಲ್ಲೆಯಲ್ಲಿಯೇ, ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವನ್ನು ಪುಣ್ಯಕ್ಷೇತ್ರವೆಂದು ಭಾವಿಸುವ ಲಂಬಾಣಿಗರ ತಾಂಡಾಗಳಲ್ಲಿ, ಹಿರಿಯ ಹೆಂಗಸರು ತೊಡುವ ಕಾಂಚಳಿಯನ್ನು ನೋಡಿ. ಕನ್ನಡಿಯ ಚೂರು, ಕವಡೆ, ಬಣ್ಣದ ದಾರಗಳಿಂದ ಎದೆಯೆಲ್ಲ ತುಂಬಿದ ಆ ಕುಪ್ಪಸಕ್ಕೆ ಬೆನ್ನೇ ಇಲ್ಲ. ಹಿಂದೆ ದಾರದ ಗಂಟುಗಳು ಮಾತ್ರ. ಬಿಸಿಲಿನಲ್ಲಿ ಕಲ್ಲು ಹೊತ್ತು ಮಣ್ಣು ಹೊತ್ತು ದುಡಿಯುವ ಮೈಗೆ ಗಾಳಿಯಾಡಲೆಂದು ಹುಟ್ಟಿಕೊಂಡಿರಬಹುದಾದ ಆ ಕಟ್ಟಣೆಯನ್ನು ನಗರದ ಜನ ಅನಾಗರಿಕವೆಂದು ಕಂಡ ಕಾಲವಿತ್ತು. ಈಗ ದಾವಣಗೆರೆಯ ಕಲ್ಯಾಣಮಂಟಪಗಳಲ್ಲಿ, ಬೆನ್ನಿಗೆ ಎರಡು ದಾರ, ದಾರದ ತುದಿಗೆ ಕುಚ್ಚು ಇರುವ ರವಿಕೆಯು ಹೊಸ ನಾಗರಿಕತೆಯ ಗುರುತಾಗಿದೆ. ತಾಂಡಾದ ಅಜ್ಜಿಗೆ ಯಾರೂ ಕೃತಜ್ಞತೆ ಹೇಳಿದಂತಿಲ್ಲ.

ಅಂದಚಂದದ ವಿಚಾರವಾಗಿ ನನಗೆ ಹೆಚ್ಚಿನ ದೂರಿಲ್ಲ. ಪುಟ್ಟಣ್ಣ ಕಣಗಾಲರ ಚಿತ್ರಗಳ ಕಾಲದಲ್ಲಿ ಕಲ್ಪನಾ ಅವರ ರವಿಕೆಯ ತೋಳನ್ನೂ ಕತ್ತನ್ನೂ ನೋಡಿಕೊಂಡು ಬಂದು ಅಂತಹುದೇ ಹೊಲಿಸಿಕೊಂಡ ತಾಯಂದಿರ ಮಕ್ಕಳು, ಇಂದು ಮೊಬೈಲಿನಲ್ಲಿ ಚಿತ್ರ ತೋರಿಸಿ ಬೋಟ್ ನೆಕ್ಕು, ಪ್ರಿನ್ಸೆಸ್ ಕಟ್ಟು, ಕಟೋರಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಆದರೂ ಕೇಳಿದರೆ ಹೇಳುತ್ತೇನೆ: ನೂರು ತೊಳೆತ ಕಂಡರೂ ಆಕಾರ ಕೆಡದ, ಎಳೆ ಎರಡೆರಡು ಹೊಸೆದ ಟೂ ಬೈ ಟೂ ರೂಬಿಯಾದ, ಮೊಣಕೈಗೆ ನಾಲ್ಕು ಬೆರಳು ಮೇಲಕ್ಕೆ ನಿಲ್ಲುವ ತೋಳಿನ, ಹದವಾಗಿ ತೆಗೆದ ದುಂಡುಕೊರಳಿನ ಸಾದಾ ರವಿಕೆಗಿಂತ ಮಿಗಿಲಾದುದನ್ನು ನಾನು ಕಂಡಿಲ್ಲ. ಆರಿ ಸೂಜಿಯ ಕಸೂತಿ, ಮಣಿ, ಜರಿಗಳ ಭಾರದಿಂದ ಒಮ್ಮೆ ತೊಟ್ಟು ಪೆಟ್ಟಿಗೆ ಸೇರುವ, ಸೀರೆಗಿಂತ ಹೊಲಿಗೆಯ ಕೂಲಿಯೇ ಹೆಚ್ಚಾಗುವ ರವಿಕೆಗಳು ಮದುವೆಯ ದಿನಕ್ಕೆ ಇರಲಿ. ಆ ಕಸೂತಿಯನ್ನು ಹಾಕುವ ಕೈಗೆ ಅದರ ಪಾಲು ಸರಿಯಾಗಿ ಸೇರಿದರೆ ಸಾಕು.

ಆನಗೋಡಿನಲ್ಲಿ ಮನೆಯ ಪಡಸಾಲೆಯಲ್ಲಿಯೇ ಮಷಿನ್ ಇಟ್ಟುಕೊಂಡು ಹೊಲಿಯುವ ಒಬ್ಬ ಹೆಣ್ಣುಮಗಳ ಕೆಲಸವನ್ನು ಸ್ವಲ್ಪ ಹೊತ್ತು ಕುಳಿತು ನೋಡಿದ್ದೇನೆ. ಅಳತೆಗೆಂದು ಕೊಟ್ಟ ಹಳೆಯ ಬ್ಲೌಸನ್ನು ಮಡಿಸಿದ ಬಟ್ಟೆಯ ಮೇಲೆ ಹರವಿ, ಸೀಮೆಸುಣ್ಣದಿಂದ ಗೆರೆಯೆಳೆದು, ಮೊದಲು ಬೆನ್ನು, ಆಮೇಲೆ ಕ್ರಾಸಿನಲ್ಲಿ ಎದೆಯ ಭಾಗ, ಉಳಿದುದರಲ್ಲಿ ತೋಳು, ಕಟ್ಟಕಡೆಗೆ ಮಿಕ್ಕ ಚೂರುಗಳಲ್ಲಿ ಹುಕ್ಕಿನ ಪಟ್ಟಿ, ಕೊರಳಿನ ಪಟ್ಟಿಗಳನ್ನು ಹೊಂದಿಸಿಕೊಂಡು, ಆಕೆ ಕತ್ತರಿ ಹಿಡಿಯುವ ಮೊದಲೇ ಉಡುಪನ್ನು ಕಣ್ಣಿನಲ್ಲಿಯೇ ಹೊಲಿದುಬಿಟ್ಟಿರುತ್ತಾಳೆ. ಕುಬಸದ ಕಾರ್ಯಕ್ಕೆಂದು ಬಸುರಿಗೆ ಹೊಲಿಯುವಾಗ ಬದಿಯ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು, ಒಂದರ ಪಕ್ಕಕ್ಕೊಂದರಂತೆ ಮೂರು ಹೊಲಿಗೆ ಹಾಕುತ್ತಾಳೆ. ತಿಂಗಳು ತುಂಬುತ್ತ ಬಂದಂತೆ ಒಂದೊಂದನ್ನೇ ಬಿಚ್ಚಿಕೊಳ್ಳಬಹುದು. ಹಳೆಯ ಗಂಟಿನ ಕುಪ್ಪಸವು ಮಾಡುತ್ತಿದ್ದ ಕೆಲಸವನ್ನು ಈ ಮೂರು ಗೆರೆಯ ಹೊಲಿಗೆ ಮಾಡುತ್ತಿದೆಯೆಂದು ಕಂಡು ನನಗೆ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ನೆರೆಮನೆಯ ಗೃಹಿಣಿಯೊಬ್ಬರು, ಮದುವೆ, ಗೃಹಪ್ರವೇಶ, ಹುಣ್ಣಿಮೆಗಳಲ್ಲಿ ಬಂದ ಬ್ಲೌಸ್ ಪೀಸುಗಳ ಕಟ್ಟೊಂದನ್ನು ತಂದು, ಇವುಗಳಲ್ಲಿ ಯಾವುದಾದರೂ ಹೊಲಿಯಲು ಬರುವುದೇ ನೋಡೆಂದು ಮುಂದಿಟ್ಟರು. ಹೊಲಿಗೆಯವಳು ಒಂದನ್ನು ಬಿಡಿಸಿ, ಬೆಳಕಿಗೆ ಹಿಡಿದು, ಬಟ್ಟೆಯಾಚೆಗಿನ ಕಿಟಕಿಯ ಸರಳುಗಳನ್ನು ಎಣಿಸುವಂತೆ ನೋಡಿ, “ಇದ್ರಾಗೆ ಬೆನ್ನಷ್ಟೇ ಬರ್ತೈತಕ್ಕಾ, ತೋಳು ಬರಾದಿಲ್ಲ” ಎಂದಳು. ಮುಂದಿನದಕ್ಕೂ ಅದೇ ಮಾತು. ನಾಲ್ಕನೆಯದಕ್ಕೆ ಬಂದಾಗ ಮಾತಿಲ್ಲದೆ ತಲೆಯಾಡಿಸಿ, ಕಟ್ಟನ್ನು ಮೊದಲಿನಂತೆಯೇ ಕಟ್ಟಿಕೊಟ್ಟಳು. ಅವು ಎಲ್ಲಿಗೆ ಹೋಗುತ್ತವೆಂದು ಕೇಳಬೇಕೆ? ಮುಂದಿನ ಹುಣ್ಣಿಮೆಗೆ ಬೇರೊಬ್ಬರ ತಟ್ಟೆಗೆ.

ನನ್ನ ತಕರಾರು ಇದೇ. ಒಂದು ಸಾಧಾರಣ ರವಿಕೆಗೆ ಸುಮಾರು 80 ಸೆಂಟಿಮೀಟರಿನಿಂದ ಒಂದು ಮೀಟರಿನ ತನಕ ಬಟ್ಟೆ ಬೇಕು. ಇಂದಿನ ಸೀರೆಗಳಲ್ಲಿ ಉಡುವ ಐದೂವರೆ ಮೀಟರಿನಾಚೆಗೆ ಅಂಟಿಕೊಂಡು ಬರುವ ತುಂಡೂ ಇಷ್ಟೇ ಇರುತ್ತದೆ. ಸೀರೆಯ ಜೊತೆಗೇ ರವಿಕೆಯ ಬಟ್ಟೆ ಬರತೊಡಗಿದ ಮೇಲೆ, ಬೇರೆ ಕೊಟ್ಟ ಕಣವನ್ನು ಹೊಲಿಸಿಕೊಳ್ಳುವ ಅಗತ್ಯವು ಕಡಿಮೆಯಾಯಿತು, ಹೊಲಿಸಿಕೊಳ್ಳುವವರಿಲ್ಲವೆಂದು ತಿಳಿದ ವ್ಯಾಪಾರಿಯು ಬಟ್ಟೆಯ ಉದ್ದವನ್ನು ಕುಗ್ಗಿಸಿ, ನೂಲನ್ನು ತೆಳ್ಳಗೆ ಮಾಡಿ, ಹತ್ತಿಯನ್ನು ತೆಗೆದು ಪಾಲಿಯೆಸ್ಟರನ್ನು ಹಾಕಿದನು, ಅಗ್ಗವಾಯಿತೆಂದು ನಾವು ಡಜನ್ನುಗಟ್ಟಲೆ ಕೊಂಡೆವು, ಕೊಂಡುದನ್ನು ಕೊಟ್ಟೆವು, ಕೊಟ್ಟುದು ನಮ್ಮ ಮನೆಗೇ ತಿರುಗಿ ಬಂದಿತು. ವ್ಯಾಪಾರಿಯನ್ನು ಬೈದು ಫಲವಿಲ್ಲ. ಉಡಲೆಂದು ಕೊಡುವ ವಸ್ತುವನ್ನು ಉಡಲಾಗದೆಂದು ತಿಳಿದೇ ಕೊಡುವುದೂ, ಸ್ವೀಕರಿಸಿದವಳು ಅದನ್ನು ತಿಳಿದೇ ಕಣ್ಣಿಗೊತ್ತಿಕೊಳ್ಳುವುದೂ ಯಾವ ಶಾಸ್ತ್ರಕ್ಕೂ ಸಲ್ಲದ ನಾಟಕ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುರ್ಗಾಂಬಿಕೆಯ ಜಾತ್ರೆಯಲ್ಲಿ ದೇವಿಯ ಉಡಿಗೆ ಬೀಳುವ ಕಣಗಳನ್ನು ನೋಡಿದರೆ, ತಾಯಿಯ ಮುಂದೆಯೂ ಈ ನಾಟಕವನ್ನು ಆಡಲು ನಮಗೆ ಸಂಕೋಚವಿಲ್ಲವೆಂದು ತೋರುತ್ತದೆ.

ಸಂಪ್ರದಾಯವೆಂದರೆ ಹಾಗೆಯೇ, ಅದರ ಸಂಕೇತವಷ್ಟೇ ಮುಖ್ಯ, ಬಟ್ಟೆಯ ಗುಣವಲ್ಲ ಎಂದು ಹೇಳುವವರುಂಟು. ಬಡವರಿಗೆ ಇಷ್ಟೇ ಶಕ್ಯವೆಂದೂ ಹೇಳುತ್ತಾರೆ. ಬಡವರ ಮಾತನ್ನು ಒಪ್ಪೋಣ. ಆದರೆ ನಾನು ಕಂಡಂತೆ, ಕೊಡಲು ಶಕ್ತಿಯಿಲ್ಲದವರು ವೀಳ್ಯ ಅಡಿಕೆ ಕೊಟ್ಟು ಕೈಮುಗಿಯುತ್ತಾರೆ. ನೂರಾರು ಜನರಿಗೆ ಹೊಲಿಯಲಾಗದ ಬಟ್ಟೆ ಹಂಚುವವರು ಕಲ್ಯಾಣಮಂಟಪದ ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿದವರೇ. ಸಂಕೇತದ ಮಾತಿಗೆ ಉತ್ತರವೆಂದರೆ, ಗುಳೇದಗುಡ್ಡದ ನೇಕಾರನು ಸೂರ್ಯನಾರಾಯಣನನ್ನು ನೂಲಿನಲ್ಲಿ ಕೂರಿಸಿದುದು ಯಾರೋ ಅದನ್ನು ತೊಟ್ಟು ನಾಲ್ಕು ಜನರ ನಡುವೆ ನಡೆದಾಡಲೆಂದು. ಅಟ್ಟದ ಮೇಲೆ ನುಸಿ ತಿನ್ನಲೆಂದಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಣದ ಮಗ್ಗಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಕೊಳ್ಳುವ ಕೈಗಳ ಅಭಾವವೇ ಹೊರತು ನೇಯುವ ಕೈಗಳ ಅಸಾಮರ್ಥ್ಯವಲ್ಲ.

ಆದುದರಿಂದ ದಾವಣಗೆರೆ, ಹರಿಹರ, ಆನಗೋಡಿನ ತಾಯಂದಿರಲ್ಲಿ ಒಂದು ವಿನಂತಿ. ಬರುವ ಗೌರಿಹುಣ್ಣಿಮೆಗೆ, ಮನೆಯ ಮದುವೆಗೆ, ಮಗಳ ಕುಬಸಕ್ಕೆ ಹತ್ತು ಜನರಿಗೆ ಕೊಡುವ ಕಡೆ ನಾಲ್ಕು ಜನರಿಗೆ ಕೊಡಿ. ಆದರೆ ತುಂಬು ಮೀಟರಿನ ಹತ್ತಿಯ ಬಟ್ಟೆಯನ್ನೋ, ಗುಳೇದಗುಡ್ಡದ ಕಣವನ್ನೋ ಕೊಡಿ, ಸಾಧ್ಯವಾದರೆ ಊರಿನ ಹೊಲಿಗೆಯವಳ ಕೂಲಿಯನ್ನೂ ಅದರ ಜೊತೆಗೆ ಸೇರಿಸಿ ಕೊಡಿ. ಉಳಿದ ಆರು ಜನರಿಗೆ ಅರಿಶಿನ ಕುಂಕುಮ, ಹೂವು, ಒಂದು ತೆಂಗಿನಕಾಯಿ ಸಾಕು. ಅವರು ಯಾರೂ ಕಡಿಮೆಯಾಯಿತೆಂದು ಹೇಳಲಾರರು. ಅಂಗಡಿಯಲ್ಲಿ ಪೀಸನ್ನು ಕೊಳ್ಳುವ ಮೊದಲು ಬಿಡಿಸಿ, ಬೆಳಕಿಗೆ ಹಿಡಿದು, ಅಳೆದು ನೋಡಿ, ಸಾಲದಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ.